ಮಾಗಡಿ ಮತ್ತು ಚನ್ನಪಟ್ಟಣ: ಎರಡು ಪೂರ್ವ ರಾಜಧಾನಿಗಳ ಸ್ಥೂಲ ಪರಿಚಯ

'ರಾಜಧಾನಿ' ಎಂಬ ಸಂಸ್ಕೃತ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ 'ಧಾ' ಎಂಬ ಧಾತು ಕಾಣಬರುತ್ತದೆ. ಇಡು, ನೆಲೆಗೊಳಿಸು, ಧರಿಸು ಎಂಬುದು ಆ ಧಾತುವಿನ ಅರ್ಥ. ಅರಸನನ್ನು ಧರಿಸಿ ನಿಲ್ಲುವ ಎಡೆಯೇ ರಾಜಧಾನಿ. ಅರಸನು ಊರನ್ನು ಧರಿಸುವನೆಂಬುದು ಲೋಕದ ಮಾತು. ಊರೇ ಅರಸನನ್ನು ಧರಿಸುವುದೆಂಬುದು ಶಬ್ದದ ಮಾತು. ಇವೆರಡರಲ್ಲಿ ಯಾವುದು ದಿಟವೆಂಬುದನ್ನು ಅರಸುತನವಿರುವವರೆಗೆ ನಿರ್ಣಯಿಸುವುದು ಕಷ್ಟ. ಅರಸುತನವು ಅಳಿದು ಊರು ಉಳಿದಾಗ, ಅಥವಾ ಅರಸುತನದೊಡನೆ ಊರೂ ಅಳಿದಾಗ, ನಿರ್ಣಯವು ತಾನಾಗಿಯೇ ಆಗುತ್ತದೆ.

ಅರ್ಥಶಾಸ್ತ್ರವು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಈ ಅನುಕ್ರಮದಲ್ಲಿ ಜನಪದವು ದುರ್ಗಕ್ಕಿಂತ ಮೊದಲು ಬರುತ್ತದೆಂಬುದು ಗಮನಾರ್ಹ. ಕೋಟೆಯನ್ನು ಕಟ್ಟುವ ಕೈ, ಅದಕ್ಕೆ ಧಾನ್ಯವನ್ನು ತುಂಬುವ ಹೊಲ, ಅದರೊಳಗಣ ಬಾವಿಗೆ ನೀರನ್ನೂಡುವ ಕೆರೆ ಇವೆಲ್ಲವೂ ಜನಪದಕ್ಕೆ ಸೇರಿದವು. ಬೆಂಗಳೂರಿಗೆ ಪಶ್ಚಿಮದಲ್ಲಿಯೂ ನೈಋತ್ಯದಲ್ಲಿಯೂ ಸುಮಾರು ಐವತ್ತು ಅರುವತ್ತು ಕಿಲೋಮೀಟರುಗಳ ಅಂತರದಲ್ಲಿರುವ ಮಾಗಡಿ ಮತ್ತು ಚನ್ನಪಟ್ಟಣಗಳು ಒಂದು ಕಾಲಕ್ಕೆ ರಾಜಧಾನಿಗಳಾಗಿದ್ದು, ಅನಂತರ ತಾಲ್ಲೂಕು ಕೇಂದ್ರಗಳಾಗಿ ಉಳಿದುಕೊಂಡು ಬಂದ ಊರುಗಳು. ಮೇಲಣ ಸೂತ್ರಕ್ಕೆ ಇವು ಒಳ್ಳೆಯ ಉದಾಹರಣೆಗಳಾಗಿವೆ.

ಸೀಮೆಯ ಸ್ವರೂಪ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಬಹುಕಾಲ ಬೆಂಗಳೂರು ಜಿಲ್ಲೆಗೆ, ಬಳಿಕ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ರಾಮನಗರ ಜಿಲ್ಲೆಯೆಂದು ಬೇರ್ಪಟ್ಟವು. 2025ರಲ್ಲಿ ರಾಜ್ಯ ಸರ್ಕಾರವು ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಕೊಟ್ಟಿತು. ಆಡಳಿತದ ಹೆಸರುಗಳು ಹೀಗೆ ಬದಲಾಗುತ್ತ ಬಂದರೂ ಸೀಮೆಯ ಮೈಕಟ್ಟು ಬದಲಾಗಿಲ್ಲ. ಇದು ಕಲ್ಲಿನ ಸೀಮೆ. ಭೂವಿಜ್ಞಾನಿಗಳು ಇಲ್ಲಿಯ ಬಂಡೆಗೆ ರಾಮನಗರದ ಹಳೆಯ ಹೆಸರಿನಿಂದ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆದಿದ್ದಾರೆ. ಅದರ ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳೆಂದು ಅವರ ಎಣಿಕೆ. ಉತ್ತರ ದಕ್ಷಿಣವಾಗಿ ಹಬ್ಬಿರುವ ಈ ಬಂಡೆಯ ಸಾಲಿನಲ್ಲಿಯೇ ಸಾವನದುರ್ಗ, ರಾಮದೇವರಬೆಟ್ಟ, ಕಬ್ಬಾಳದುರ್ಗ ಮೊದಲಾದ ಗಿರಿಗಳು ತಲೆಯೆತ್ತಿ ನಿಂತಿವೆ.

ಈ ಕಲ್ಲಿನ ನಡುವೆ ನೀರಿನ ದಾರಿಗಳಿವೆ. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ಅರ್ಕಾವತಿಯು ಶಿವಗಂಗೆಯ ಕಡೆಯ ಕುಮುದ್ವತಿಯನ್ನು ಕೂಡಿಕೊಂಡು, ರಾಮನಗರ ಕನಕಪುರಗಳನ್ನು ಹಾದು, ಸಂಗಮವೆಂಬಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಬಳಿ ಹರಿಯುವ ಕಣ್ವವು ಶಿಂಷಾ ನದಿಯನ್ನು ಸೇರುತ್ತದೆ. ಯಾವುದೂ ದೊಡ್ಡ ಹೊಳೆಯಲ್ಲ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವಂತಹವು. ಆದುದರಿಂದ ಇಲ್ಲಿ ಊರು ಕಟ್ಟಬೇಕಾದವನು ಮೊದಲು ಕೆರೆಯನ್ನು ಕಟ್ಟಬೇಕಾಯಿತು. ಬೆಟ್ಟವು ರಕ್ಷಣೆಗೆ, ಕೆರೆಯು ಜೀವನಕ್ಕೆ ಎಂಬ ಎರಡು ಕಂಬಗಳ ಮೇಲೆ ಈ ಸೀಮೆಯ ರಾಜಕೀಯವು ನಿಂತಿತ್ತು.

ಚನ್ನಪಟ್ಟಣ

ಚನ್ನಪಟ್ಟಣವು ರಾಜಧಾನಿಯಾಗುವುದಕ್ಕೆ ಬಹಳ ಮೊದಲೇ ಅದರ ಸುತ್ತಣ ನೆಲವು ರಾಜರಿಗೆ ಪರಿಚಿತವಾಗಿತ್ತು. ಈ ತಾಲ್ಲೂಕಿನ ಮಂಕುಂದವು ಏಳನೆಯ ಶತಮಾನದಲ್ಲಿ ಗಂಗರ ಅರಸರ ವಾಸಸ್ಥಾನಗಳಲ್ಲಿ ಒಂದಾಗಿತ್ತೆಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಗಂಗರ ಬಳಿಕ ಚೋಳರು ಬಂದರು. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯವು ಚೋಳರ ಕಾಲದ್ದೆಂದು ಪ್ರತೀತಿ. ಅಲ್ಲಿಯ ಅಂಬೆಗಾಲು ಕೃಷ್ಣನ ಮೂರ್ತಿಯನ್ನು ಕಂಡು ಪುರಂದರದಾಸರು ಕೀರ್ತನೆಯೊಂದನ್ನು ರಚಿಸಿದರೆಂಬ ನಂಬಿಕೆಯು ಸಂಗೀತಪ್ರಿಯರೆಲ್ಲರಿಗೂ ತಿಳಿದದ್ದೇ.

1565ರ ಯುದ್ಧದಲ್ಲಿ ವಿಜಯನಗರವು ಸೋತು ಹಂಪೆಯು ಹಾಳಾದ ತರುವಾಯ ಸಾಮ್ರಾಜ್ಯದ ಪೀಠವು ಪೆನುಗೊಂಡೆಗೆ ಬಂದಿತು. 1577ರಲ್ಲಿ ಬಿಜಾಪುರದ ಸೈನ್ಯವು ಪೆನುಗೊಂಡೆಯನ್ನು ಮುತ್ತಿದಾಗ ಆ ನಗರವನ್ನು ಪರಾಕ್ರಮದಿಂದ ಸಂರಕ್ಷಿಸಿದವನು ಜಗದೇವರಾಯ. ಈ ಸೇವೆಗಾಗಿ ಅವನಿಗೆ ವಿಸ್ತಾರವಾದ ಸೀಮೆಯು ದೊರೆಯಿತು. ಪೂರ್ವದಲ್ಲಿ ಬಾರಾಮಹಲಿನಿಂದ ತೊಡಗಿ ಪಶ್ಚಿಮದಲ್ಲಿ ಹಾಸನದಾಚೆಯ ಘಟ್ಟದವರೆಗೆ ಅದು ಹಬ್ಬಿತ್ತು. ಜಗದೇವರಾಯನು 1580ರ ಸುಮಾರಿಗೆ ಚನ್ನಪಟ್ಟಣದಲ್ಲಿ ಕೋಟೆಯನ್ನು ಕಟ್ಟಿಸಿ ಅದನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಆಗ ಕಂಕಾನಹಳ್ಳಿಯೆಂದು ಹೆಸರಾಗಿದ್ದ ಕನಕಪುರದ ಕೋಟೆಯೂ ಇವನ ಕಾಲದ್ದೆಂದು ಹೇಳುತ್ತಾರೆ.

ಇಷ್ಟು ದೊಡ್ಡ ಸೀಮೆಗೆ ಚನ್ನಪಟ್ಟಣವನ್ನೇ ಏಕೆ ಆರಿಸಿಕೊಂಡನೆಂಬುದು ನಕ್ಷೆಯನ್ನು ನೋಡಿದರೆ ಹೊಳೆಯುತ್ತದೆ. ಬಾರಾಮಹಲಿನಿಂದ ಬರುವ ದಾರಿಗೂ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಗೂ ಅದು ನಡುವಣ ನೆಲೆ. ಹಿಂದೆ ಗುಡ್ಡಗಳ ಆಸರೆ, ಮುಂದೆ ಕಣ್ವ ನದಿಯ ಬಯಲು. ಆದರೆ ದಾರಿಯ ಮೇಲಿರುವ ಊರಿಗೆ ವ್ಯಾಪಾರಿಯು ಬರುವಂತೆ ದಂಡೂ ಬರುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡ ಮೇಲೆ ಬೆಳೆಯುತ್ತಿದ್ದ ಮೈಸೂರಿಗೆ ಚನ್ನಪಟ್ಟಣವು ಅಡ್ಡವಾಗಿತ್ತು. 1630ರಲ್ಲಿ ಚಾಮರಾಜ ಒಡೆಯರ ಸೈನ್ಯವು ಅದನ್ನು ಗೆದ್ದುಕೊಂಡಿತು. ಹೀಗೆ ಚನ್ನಪಟ್ಟಣವು ರಾಜಧಾನಿಯಾಗಿದ್ದುದು ಕೇವಲ ಐವತ್ತು ವರ್ಷ. 1759ರ ಸುಮಾರಿಗೆ ಗೋಪಾಲ ಹರಿಯ ನಾಯಕತ್ವದ ಮರಾಠಾ ದಂಡು ಈ ಊರನ್ನು ಹಿಡಿದಾಗ, ಅವರೊಡನೆ ಹೋರಾಡಿ ಅವರನ್ನು ಹಿಮ್ಮೆಟ್ಟಿಸಿದ ಹೈದರನಿಗೆ ಮೈಸೂರಿನ ಆಸ್ಥಾನದಲ್ಲಿ ಮೇಲಣ ಪದವಿಯ ದಾರಿ ತೆರೆಯಿತು.

ಮಾಗಡಿ

ಮಾಗಡಿಯ ಚರಿತ್ರೆಯು ಬೇರೊಂದು ಬಗೆಯದು. ಚನ್ನಪಟ್ಟಣವು ಬಹುಮಾನವಾಗಿ ದೊರೆತ ಸೀಮೆಗೆ ಆರಿಸಿಕೊಂಡ ರಾಜಧಾನಿ. ಮಾಗಡಿಯಾದರೋ ಇದ್ದುದನ್ನು ಕಳೆದುಕೊಂಡವರಿಗೆ ಆಶ್ರಯವಿತ್ತ ರಾಜಧಾನಿ.

ಸ್ಥಳಪುರಾಣವು ಈ ಎಡೆಯನ್ನು ಮಾಂಡವ್ಯ ಮಹರ್ಷಿಯ ತಪೋಭೂಮಿಯೆಂದು ಕೀರ್ತಿಸುತ್ತದೆ. ಊರಿಗೆ ಹೊಂದಿಕೊಂಡಿರುವ ತಿರುಮಲೆಯ ರಂಗನಾಥಸ್ವಾಮಿಯ ಸನ್ನಿಧಿಯು ಆ ಪುರಾಣಕ್ಕೆ ಕೇಂದ್ರ. ಚೈತ್ರಮಾಸದಲ್ಲಿ ನಡೆಯುವ ಅಲ್ಲಿಯ ರಥೋತ್ಸವಕ್ಕೆ ಸುತ್ತಣ ಸೀಮೆಯ ಜನರು ನೆರೆಯುತ್ತಾರೆ. ಊರು ಹನ್ನೆರಡನೆಯ ಶತಮಾನದಲ್ಲಿ ಚೋಳರಿಂದ ಸ್ಥಾಪಿತವಾಯಿತೆಂಬ ಐತಿಹ್ಯವೂ ಉಂಟು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಸಾಮಂತರಾಯನೆಂಬ ಅಧಿಕಾರಿಯು ಸಾವನದುರ್ಗವನ್ನು ಬಲಪಡಿಸಿದನು.

ಯಲಹಂಕ ನಾಡಪ್ರಭುಗಳ ವಂಶದ ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದುದು ಸುಪ್ರಸಿದ್ಧ ಸಂಗತಿ. ಹಂಪೆಯ ವೈಭವವನ್ನು ಕಂಡು ಅದರಂತಹ ನಗರವನ್ನು ನಿರ್ಮಿಸಬೇಕೆಂಬ ಹಂಬಲ ಅವರಿಗೆ ಉಂಟಾಯಿತೆಂದು ಹೇಳುತ್ತಾರೆ. ಅವರ ಮಗ ಇಮ್ಮಡಿ ಕೆಂಪೇಗೌಡರು 1570ರ ಸುಮಾರಿಗೆ ಸಾವನದುರ್ಗವನ್ನೂ ಮಾಗಡಿಯನ್ನೂ ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. ಆಗ ಅದು ರಾಜ್ಯದ ಒಂದು ಅಂಚಿನ ನೆಲೆಯಷ್ಟೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಗೆದ್ದನು. ಆ ನಗರವು ಶಹಾಜಿಯ ಜಹಗೀರಿಗೆ ಸೇರಿತು. ಕಟ್ಟಿದ ನಗರವನ್ನು ಬಿಟ್ಟು ಗೌಡರ ಮನೆತನವು ಮಾಗಡಿಗೆ ಬಂದು ನೆಲೆಸಿತು. ಅಂಚಿನ ನೆಲೆಯೇ ನಡುಮನೆಯಾಯಿತು. ಇದರಿಂದಾಗಿಯೇ ಈ ಅರಸರನ್ನು ಬೆಂಗಳೂರು ಕೆಂಪೇಗೌಡರೆಂದು ಕರೆದಂತೆ ಮಾಗಡಿ ಕೆಂಪೇಗೌಡರೆಂದು ಕರೆಯುವ ವಾಡಿಕೆಯೂ ಬೆಳೆಯಿತು.

ಸೋತು ಬಂದವರು ಮಾಗಡಿಯಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. ಊರಿನಲ್ಲಿ ಕೋಟೆಯಿತ್ತು, ಕೆಂಪಸಾಗರವೆಂಬ ಕೆರೆಯು ಇಂದಿಗೂ ಆ ಮನೆತನದ ಹೆಸರನ್ನು ಹೊತ್ತಿದೆ. 1712ರಲ್ಲಿ ಕಟ್ಟಿಸಿದ ಸೋಮೇಶ್ವರ ದೇವಾಲಯವು ವಿಸ್ತಾರವಾದ ಪ್ರಾಕಾರದಿಂದ ಕೂಡಿದ್ದು, ಮಾಗಡಿಯ ಅರಸರ ಕೊನೆಯ ದಿನಗಳ ಮುಖ್ಯ ನಿರ್ಮಾಣವಾಗಿದೆ. ತಿರುಮಲೆಯಲ್ಲಿ ವಿಷ್ಣುವಿನ ಸನ್ನಿಧಿ, ಸೋಮೇಶ್ವರದಲ್ಲಿ ಶಿವನ ಸನ್ನಿಧಿ, ಸಾವನದುರ್ಗದ ಬುಡದಲ್ಲಿ ವೀರಭದ್ರ ಮತ್ತು ನರಸಿಂಹರ ಗುಡಿಗಳು ನೆರೆಹೊರೆಯಾಗಿರುವುದನ್ನು ನೋಡಿದರೆ, ಈ ಅರಸರು ತಮ್ಮ ಪ್ರಜೆಗಳ ವಿವಿಧ ಶ್ರದ್ಧೆಗಳಿಗೆ ಒಂದೇ ಸೀಮೆಯಲ್ಲಿ ಎಡೆಮಾಡಿಕೊಟ್ಟರೆಂಬುದು ಸ್ಪಷ್ಟವಾಗುತ್ತದೆ.

ಸೋಮೇಶ್ವರ ದೇವಾಲಯವು ಪೂರ್ಣವಾದ ಹದಿನಾರು ವರ್ಷಗಳಲ್ಲಿ, ಎಂದರೆ 1728ರಲ್ಲಿ, ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದನು. ಕೊನೆಯ ಅರಸನು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡನು. 1638ರಿಂದ ಲೆಕ್ಕ ಹಾಕಿದರೆ ಮಾಗಡಿಯು ರಾಜಧಾನಿಯಾಗಿದ್ದುದು ತೊಂಬತ್ತು ವರ್ಷ.

ಸಾವನದುರ್ಗದ ಪಾಠ

ದುರ್ಗಗಳಲ್ಲಿ ಔದಕ, ಪಾರ್ವತ, ಧಾನ್ವನ, ವನ ಎಂದು ನಾಲ್ಕು ಬಗೆಯನ್ನು ಶಾಸ್ತ್ರವು ಹೇಳುತ್ತದೆ. ನೀರಿನಿಂದ ಸುತ್ತುವರಿದುದು ಮೊದಲನೆಯದು, ಬೆಟ್ಟದ ಮೇಲಿನದು ಎರಡನೆಯದು, ಮರುಭೂಮಿಯದು ಮೂರನೆಯದು, ಅಡವಿಯ ನಡುವಣದು ನಾಲ್ಕನೆಯದು. ಸಾವನದುರ್ಗವು ಪಾರ್ವತವೂ ಹೌದು, ವನದುರ್ಗವೂ ಹೌದು. ಸಮುದ್ರಮಟ್ಟದಿಂದ 1,226 ಮೀಟರು ಎತ್ತರವಿರುವ ಈ ಏಕಶಿಲಾಗಿರಿಯಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳು. ಅವುಗಳ ನಡುವೆ ಆಳವಾದ ಕಮರಿ. ಒಂದು ಶಿಖರವು ಶತ್ರುವಿನ ವಶವಾದರೂ ಮತ್ತೊಂದರಿಂದ ಕಾದಾಡಬಹುದಾದಂತಹ ರಚನೆ. ಸುತ್ತಲೂ ದಟ್ಟವಾದ ಬಿದಿರಿನ ಅಡವಿ. ಅಲ್ಲಿಯ ಜ್ವರವೇ ಪರದೇಶದ ಸೈನಿಕರನ್ನು ಕೊಲ್ಲುವುದೆಂಬ ನಂಬಿಕೆ ಟಿಪ್ಪುವಿನ ಪಕ್ಷದಲ್ಲಿತ್ತೆಂದು ಆಂಗ್ಲರು ಬರೆದಿದ್ದಾರೆ.

ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಮುತ್ತಿತು. ಅಡವಿಯ ಮರಗಳನ್ನು ಕಡಿದು ಕಮರಿಗಳ ಮೇಲೆ ಫಿರಂಗಿಗಳನ್ನು ಸಾಗಿಸಿ ಕೆಲವೇ ದಿನಗಳಲ್ಲಿ ಗೋಡೆಯನ್ನು ಒಡೆದರು. ಡಿಸೆಂಬರ್ 21ರಂದು ಹಗಲಿನಲ್ಲಿಯೇ ದಾಳಿ ನಡೆದು ದುರ್ಗವು ಬಿದ್ದಿತು. ದಾಳಿಗಾರರಲ್ಲಿ ಸತ್ತವರೊಬ್ಬರೂ ಇರಲಿಲ್ಲವೆಂದು ಅವರ ವರದಿಯು ಹೇಳುತ್ತದೆ. ಅಜೇಯವೆಂದು ಹೆಸರಾಗಿದ್ದ ದುರ್ಗವು ಕೆಲವು ಗಂಟೆಗಳಲ್ಲಿ ಹೋಯಿತು. ಗೋಡೆಯ ಎತ್ತರವು ದೊಡ್ಡದಾದರೂ ಕಾಲವು ಅದಕ್ಕಿಂತ ದೊಡ್ಡದು. ಬಿಲ್ಲುಬಾಣಗಳ ಕಾಲಕ್ಕೆ ಕಟ್ಟಿದ ದುರ್ಗವು ಫಿರಂಗಿಯ ಕಾಲದಲ್ಲಿ ನಿಲ್ಲಲಾರದೆ ಹೋದುದು ಆಶ್ಚರ್ಯವಲ್ಲ. ಶಾಸ್ತ್ರಕಾರನು ಜನಪದವನ್ನು ದುರ್ಗಕ್ಕಿಂತ ಮೊದಲು ಇರಿಸಿದುದರ ಔಚಿತ್ಯವು ಇಲ್ಲಿ ವ್ಯಕ್ತವಾಗುತ್ತದೆ.

ದೂರದ ಎರಡು ನಗರಗಳು

ರಾಜಧಾನಿಯ ಈ ಏಳುಬೀಳು ಈ ಸೀಮೆಗೆ ಮಾತ್ರ ಸೀಮಿತವಾದುದಲ್ಲ. ಮಧ್ಯ ಏಷ್ಯದ ಸಮರ್ಕಂದ ಮತ್ತು ತಾಷ್ಕೆಂಟ್ ನಗರಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ತೈಮೂರನು ಹದಿನಾಲ್ಕನೆಯ ಶತಮಾನದಲ್ಲಿ ಸಮರ್ಕಂದವನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡು, ಗೆದ್ದ ದೇಶಗಳಿಂದ ಕುಶಲಕರ್ಮಿಗಳನ್ನು ತಂದು ಅಲ್ಲಿ ನೆಲೆಗೊಳಿಸಿದನು. ಅವನ ಮೊಮ್ಮಗ ಉಲೂಗ್ ಬೇಗನು ಅಲ್ಲಿ ನಕ್ಷತ್ರವೀಕ್ಷಣೆಗಾಗಿ ದೊಡ್ಡ ವೇಧಶಾಲೆಯನ್ನು ಕಟ್ಟಿಸಿದನು. ಅರಸುತನವು ಕಾಲಾನುಕ್ರಮದಲ್ಲಿ ಅಲ್ಲಿಂದ ಸರಿಯಿತು. ಸೋವಿಯತ್ ಆಳ್ವಿಕೆಯಲ್ಲಿ ಉಜ್ಬೇಕ್ ಗಣರಾಜ್ಯಕ್ಕೆ ಮೊದಲು ಸಮರ್ಕಂದವೇ ರಾಜಧಾನಿಯಾಗಿದ್ದರೂ 1930ರಲ್ಲಿ ಆ ಪದವಿಯು ತಾಷ್ಕೆಂಟಿಗೆ ಹೋಯಿತು. 1991ರಲ್ಲಿ ಉಜ್ಬೇಕಿಸ್ತಾನವು ಸ್ವತಂತ್ರವಾದ ಮೇಲೆಯೂ ತಾಷ್ಕೆಂಟೇ ರಾಜಧಾನಿ. ಸಮರ್ಕಂದವು ಮಾತ್ರ ತನ್ನ ಕಟ್ಟಡಗಳಿಂದಲೂ ಕೈಕೆಲಸದಿಂದಲೂ ಲೋಕಪ್ರಸಿದ್ಧವಾಗಿಯೇ ಉಳಿದಿದೆ.

ತಾಷ್ಕೆಂಟ್ ಎಂಬ ಹೆಸರಿಗೆ ತುರ್ಕಿ ನುಡಿಯಲ್ಲಿ 'ಕಲ್ಲಿನ ಊರು' ಎಂದರ್ಥ. ಭಾರತೀಯರಿಗೆ ಆ ಹೆಸರು ಕೇಳಿದೊಡನೆ ನೆನಪಾಗುವುದು 1966ರ ಜನವರಿ. ಆ ತಿಂಗಳ 10ರಂದು ಪಾಕಿಸ್ತಾನದೊಡನೆ ಒಪ್ಪಂದಕ್ಕೆ ಸಹಿಮಾಡಿದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು 11ರ ನಸುಕಿನಲ್ಲಿ ಅಲ್ಲಿಯೇ ದೇಹತ್ಯಾಗಮಾಡಿದರು. ಅದೇ ವರ್ಷ ಏಪ್ರಿಲ್ 26ರಂದು ಸಂಭವಿಸಿದ ಭೂಕಂಪದಿಂದ ಹಳೆಯ ತಾಷ್ಕೆಂಟಿನ ಬಹುಭಾಗವು ಕುಸಿಯಿತು. ಬೇರೆ ಬೇರೆ ಪ್ರಾಂತಗಳ ಜನರು ಬಂದು ದುಡಿದು ಅದನ್ನು ಹೊಸದಾಗಿ ಕಟ್ಟಿದರು. ಹೆಸರಿನಲ್ಲಿ ಕಲ್ಲಿದ್ದರೂ ನಗರವನ್ನು ಉಳಿಸಿದುದು ಜನರ ಕೈಯೇ ಹೊರತು ಕಲ್ಲಲ್ಲ.

ಆ ನಾಡಿಗೂ ಕನ್ನಡನಾಡಿಗೂ ಹಿಂದೆಯೇ ಸಂಪರ್ಕವಿತ್ತು. ತೈಮೂರನ ಮಗ ಶಾರುಖನು ಹೆರಾತಿನಿಂದ ಆಳುತ್ತಿದ್ದಾಗ ಅವನ ರಾಯಭಾರಿಯಾಗಿ ಅಬ್ದುರ್ ರಜಾಕನು 1443ರಲ್ಲಿ ವಿಜಯನಗರಕ್ಕೆ ಬಂದನು. ತೈಮೂರನ ವಂಶದವರ ಭವ್ಯನಗರಗಳನ್ನು ಕಂಡಿದ್ದ ಅವನೂ ಹಂಪೆಯ ಏಳು ಸುತ್ತಿನ ಕೋಟೆಯನ್ನೂ, ಪೇಟೆಯ ಬೀದಿಗಳನ್ನೂ, ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರನ್ನೂ ಕಂಡು ಬೆರಗಾಗಿ ಬರೆದನು. ಕೋಟೆ, ಪೇಟೆ, ನೀರು ಎಂಬ ಈ ಮೂರರ ಮಾದರಿಯನ್ನೇ ವಿಜಯನಗರದ ಸಾಮಂತರು ತಂತಮ್ಮ ಶಕ್ತಿಗೆ ತಕ್ಕಂತೆ ಬೆಂಗಳೂರಿನಲ್ಲಿ, ಮಾಗಡಿಯಲ್ಲಿ, ಚನ್ನಪಟ್ಟಣದಲ್ಲಿ ಅನುಸರಿಸಿದರು.

ಅರಸುತನ ಹೋದ ಬಳಿಕ

ಮೂರರಲ್ಲಿ ಕೋಟೆಯು ಮೊದಲು ಹೋಯಿತು. ಪೇಟೆಯೂ ನೀರೂ ಉಳಿದುವು. ಚನ್ನಪಟ್ಟಣವನ್ನು ಉಳಿಸಿದುದು ಅದರ ಪೇಟೆ. ಮಾಗಡಿಯ ಹಿರಿಮೆಯಾಗಿ ಉಳಿದುದು ಅದರ ನೀರು ಮತ್ತು ನೆಲ.

ಚನ್ನಪಟ್ಟಣದ ಕೋಟೆಗೆ ಈಶಾನ್ಯದಲ್ಲಿ ಬೆಳೆದ ಶುಕ್ರವಾರಪೇಟೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಮೂರು ಕಸುಬುಗಳಿಗೆ ಹೆಸರಾಗಿತ್ತು: ಅರಗಿನ ಬಣ್ಣದ ಮರದ ಸಾಮಾನು, ವೀಣೆ ಮುಂತಾದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಗಾಜಿನ ಬಳೆ. ಅಲ್ಲಿಯ ಮುಸ್ಲಿಂ ವರ್ತಕರು ಪಶ್ಚಿಮ ಕರಾವಳಿಯೊಡನೆ ವ್ಯಾಪಾರ ನಡೆಸುತ್ತಿದ್ದರು. ಪೇಟೆಯ ಉತ್ತರಕ್ಕಿರುವ ಎರಡು ಗೋರಿಗಳಲ್ಲಿ ಒಂದು ಟಿಪ್ಪುವಿನ ಗುರುಗಳದು, ಮತ್ತೊಂದು ಬೆಂಗಳೂರಿನ ಕಿಲ್ಲೇದಾರನಾಗಿದ್ದ ಸಯ್ಯದ್ ಇಬ್ರಾಹಿಮನದು. ಸೆರೆಸಿಕ್ಕ ಶತ್ರುಗಳನ್ನು ದಯೆಯಿಂದ ನಡೆಸಿಕೊಂಡನೆಂದು ಶತ್ರುಗಳೇ ಅವನನ್ನು ಕೊಂಡಾಡಿದ್ದಾರೆ. ಯುದ್ಧದ ಚರಿತ್ರೆಯಲ್ಲಿ ಇಂತಹ ಹೊಗಳಿಕೆ ಅಪರೂಪ.

ಅರಗಿನ ಕೆಲಸದ ಮೂಲವು ಪಾರಸೀಕದ್ದೆಂದೂ ಟಿಪ್ಪುವು ಆ ದೇಶದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಿದನೆಂದೂ ಪ್ರತೀತಿ. ಅನಂತರದ ಕಾಲದಲ್ಲಿ ಬಾವಾಸ್ ಮಿಯಾ ಎಂಬುವರು ಜಪಾನಿನ ವಿಧಾನಗಳನ್ನು ಅಳವಡಿಸಿ ಗೊಂಬೆಯ ಕಸುಬನ್ನು ಬೆಳೆಸಿದರೆಂದು ಕುಶಲಕರ್ಮಿಗಳು ಇಂದಿಗೂ ಅವರನ್ನು ಸ್ಮರಿಸುತ್ತಾರೆ. ಈ ಕೆಲಸದ ಕ್ರಮವು ಸರಳ, ಆದರೆ ಕೈಗೆ ಬಹಳ ಅಭ್ಯಾಸ ಬೇಕು. ಹಾಲೆಮರವೆಂದೂ ಆಲೆಮರವೆಂದೂ ಕರೆಯುವ ಮರವು ಬಿಳುಪಾಗಿ, ನುಣುಪಾಗಿ, ಬಿರುಕುಬಿಡದೆ ಇರುವಂತಹದು. ಅದನ್ನು ಕೊಯ್ದು ತಿಂಗಳುಗಟ್ಟಲೆ ಒಣಗಿಸಿ ತುಂಡುಮಾಡಿ ತಿರುಗಣೆಗೆ ಕಟ್ಟುತ್ತಾರೆ. ತಿರುಗುವ ಮರವನ್ನು ಉಳಿಯಿಂದ ಬೇಕಾದ ಆಕಾರಕ್ಕೆ ತರುತ್ತಾರೆ. ಬಳಿಕ ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯಿಂದ ಹುಟ್ಟಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ತಾಳೆಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ, ತಿರುಗುವ ಮರವೇ ತನ್ನ ಬಣ್ಣವನ್ನು ತಾನೇ ಕರಗಿಸಿಕೊಳ್ಳುತ್ತದೆ. ಅರಿಸಿನ ಮುಂತಾದ ಸಸ್ಯಮೂಲದ ಬಣ್ಣಗಳನ್ನು ಬಳಸಿದ ಗೊಂಬೆಯನ್ನು ಕೂಸು ಬಾಯಿಗಿಟ್ಟರೂ ಭಯವಿಲ್ಲವೆಂಬುದು ಇದರ ಹಿರಿಮೆ. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು.

ದಾರಿಯ ಮೇಲಿರುವುದೇ ಚನ್ನಪಟ್ಟಣದ ಬಲ ಮತ್ತು ದೌರ್ಬಲ್ಯವೆಂದು ಹಿಂದೆ ಹೇಳಿದೆಯಷ್ಟೆ. 1882ರಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗವು ಪೂರ್ಣಗೊಂಡಾಗ ಊರಿಗೆ ಅನುಕೂಲವಾಯಿತು. ಮೋಟಾರು ವಾಹನಗಳು ಹೆಚ್ಚಿದಂತೆ ಹೆದ್ದಾರಿಯ ಇಕ್ಕೆಲಗಳಲ್ಲಿ ಗೊಂಬೆಯ ಅಂಗಡಿಗಳು ತಲೆಯೆತ್ತಿದುವು. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿಯು ರಾಮನಗರ ಚನ್ನಪಟ್ಟಣಗಳನ್ನು ಬದಿಗೊತ್ತಿ ಹೊರಗಿನಿಂದ ಸಾಗುತ್ತದೆ. ಪ್ರಯಾಣದ ಕಾಲ ಉಳಿಯಿತು. ಹಳೆಯ ರಸ್ತೆಯ ಅಂಗಡಿಗಳ ವ್ಯಾಪಾರ ಕುಗ್ಗಿತು. 1630ರಲ್ಲಿ ದಾರಿಯು ಈ ಊರಿನ ಅರಸುತನವನ್ನು ಕಿತ್ತುಕೊಂಡಿತ್ತು. ಈ ಬಾರಿ ಅದು ಕಸುಬಿನ ಮೇಲೆ ಕೈಯಿಟ್ಟಿದೆ. ಅರಸುತನ ಹೋದಾಗ ಊರು ಉಳಿಯಿತು. ಕಸುಬು ಹೋದರೆ ಉಳಿಯುವುದೆಂಬ ಭರವಸೆಯಿಲ್ಲ.

ಮಾಗಡಿಗೆ ರೈಲು ಬರಲಿಲ್ಲ, ದೊಡ್ಡ ಹೆದ್ದಾರಿಯೂ ಬಹುಕಾಲ ಇರಲಿಲ್ಲ. ಅದು ಹೊಲಗಳ ನಡುವಣ ಊರಾಗಿ ಉಳಿಯಿತು. ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ಬರುವ ಸೊಗಡಿನ ಅವರೆಕಾಯಿಯನ್ನು ಜನರು ಮಾಗಡಿಯ ಹೆಸರಿನಿಂದ ಕೇಳಿ ಕೊಳ್ಳುವುದುಂಟು. ಅದಕ್ಕಿಂತ ದೊಡ್ಡ ಋಣವು ನೀರಿನದು. ಅರ್ಕಾವತಿ ಕುಮುದ್ವತಿಗಳ ಸಂಗಮದಲ್ಲಿ, ತಿಪ್ಪಗೊಂಡನಹಳ್ಳಿಯ ಬಳಿ, 1933ರಲ್ಲಿ ಚಾಮರಾಜಸಾಗರವು ನಿರ್ಮಿತವಾಗಿ ಹಲವು ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಿತು. ಕೆಂಪೇಗೌಡರ ಮನೆತನವು ಬೆಂಗಳೂರನ್ನು ಕಳೆದುಕೊಂಡು ಮಾಗಡಿಗೆ ಬಂದಿತು. ಮೂರು ಶತಮಾನಗಳ ತರುವಾಯ ಮಾಗಡಿಯ ಸೀಮೆಯ ನೀರು ಬೆಂಗಳೂರಿಗೆ ಹೋಯಿತು. ಆದರೆ ನಗರವು ಬೆಳೆದು ಅದರ ಕೊಳೆಯು ನದಿಗೆ ಸೇರಿದಾಗ ಆ ಜಲಾಶಯದ ನೀರೇ ಕುಡಿಯಲು ಅಯೋಗ್ಯವಾಗಿ ಸರಬರಾಜು ನಿಲ್ಲುವ ಸ್ಥಿತಿ ಬಂದಿತು. ಅರ್ಕಾವತಿಯ ಕೆಳಪಾತ್ರದ ಊರುಗಳೂ ಈ ಸಂಕಟವನ್ನು ಅನುಭವಿಸಿವೆ.

ರಾಮನಗರಕ್ಕೆ ರಾಜಧಾನಿಯ ಪಟ್ಟವಿರಲಿಲ್ಲ. 1800ರಲ್ಲಿ ದಿವಾನ್ ಪೂರ್ಣಯ್ಯನವರು ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕಟ್ಟಿಸಿದ ಪೇಟೆಯದು. ಆದರೂ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಅದು ಏಷ್ಯದಲ್ಲೆಲ್ಲ ಹೆಸರಾಯಿತು. ಅರಸನಿಲ್ಲದೆಯೂ ಊರು ಬೆಳೆಯಬಲ್ಲದೆಂಬುದಕ್ಕೆ ನೆರೆಯಲ್ಲಿಯೇ ಇರುವ ನಿದರ್ಶನ. ಇದೇ ಸೀಮೆಯ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿ ಬೆಂಗಳೂರಿನಲ್ಲಿ ವಿಧಾನಸೌಧವನ್ನು ಕಟ್ಟಿಸಿದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ ಮತ್ತು ಅಕ್ಷರಗಳ ದಾಸೋಹದಿಂದ ಸಹಸ್ರಾರು ಮಕ್ಕಳ ಬಾಳನ್ನು ಕಟ್ಟಿದರು. ಪೂರ್ವ ರಾಜಧಾನಿಗಳ ಸೀಮೆಯು ಹೀಗೆ ಹೊಸ ಕಾಲದಲ್ಲಿಯೂ ಕಟ್ಟುವವರನ್ನು ನಾಡಿಗೆ ಕೊಟ್ಟಿದೆ.

ಉಳಿಸಿಕೊಳ್ಳಬೇಕಾದುದು

2015ರಲ್ಲಿ ಮಾಗಡಿಯ ಬಳಿಯ ಕೆಂಪಾಪುರದಲ್ಲಿರುವ ಪುರಾತನ ಗೋಪುರವೊಂದನ್ನು ಅಲ್ಲಿಯ ಬರಹದ ಆಧಾರದಿಂದ ಕೆಂಪೇಗೌಡರ ಸಮಾಧಿಯೆಂದು ಗುರುತಿಸಲಾಯಿತು. ಬೆಂಗಳೂರಿನ ನಿರ್ಮಾತೃವಿನ ಸಮಾಧಿಯು ಆ ನಗರಕ್ಕೆ ಇಷ್ಟು ಹತ್ತಿರದಲ್ಲಿದ್ದೂ ಇಷ್ಟು ಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದುದು ಆಲೋಚಿಸತಕ್ಕ ಸಂಗತಿ. ಕಲ್ಲು ಅಲ್ಲಿಯೇ ಇತ್ತು, ಓದುವವರು ಬೇಕಾಗಿದ್ದರು.

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರಾಗಿ ಸೇರಿವೆ. ಮಾಗಡಿ, ಚನ್ನಪಟ್ಟಣ ಮೊದಲಾದ ತಾಲ್ಲೂಕುಗಳ ಹಳ್ಳಿಹಳ್ಳಿಯ ಕಲ್ಲುಗಳಿಗೆ ಅಲ್ಲಿ ಸಂಖ್ಯೆಯುಂಟು, ಅವು ಇದ್ದ ಎಡೆಯ ಉಲ್ಲೇಖವೂ ಉಂಟು. ಆ ಸಂಪುಟವನ್ನು ಕೈಯಲ್ಲಿ ಹಿಡಿದು ಒಂದು ಹಳ್ಳಿಗೆ ಹೋಗಿ, ಹೇಳಿದ ಕ್ಷೇತ್ರದಲ್ಲಿ ಹೇಳಿದ ಕಲ್ಲು ನಿಂತಿದೆಯೇ, ಬಿದ್ದಿದೆಯೇ, ರಸ್ತೆಯ ಕೆಳಗೆ ಹೂತುಹೋಗಿದೆಯೇ ಎಂದು ಪರಿಶೀಲಿಸುವುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಂದಲೂ ಆಗಬಹುದಾದ ಕೆಲಸ. ಅದಕ್ಕೆ ಹೆಚ್ಚಿನ ಧನವೂ ಬೇಡ. ಮಾರ್ಗದರ್ಶನ ಮಾಡುವ ಉಪಾಧ್ಯಾಯರೊಬ್ಬರು, ಒಂದು ಟಿಪ್ಪಣಿ ಪುಸ್ತಕ, ಬಿಡುವಿನ ಭಾನುವಾರ ಇಷ್ಟಿದ್ದರೆ ಸಾಕು. ಊರಿನ ಕೆರೆಯ ಕೋಡಿ, ತೂಬು, ಕಾಲುವೆಗಳ ಸ್ಥಿತಿಯನ್ನೂ ಇದೇ ಪ್ರಕಾರ ಬರೆದಿಡಬಹುದು. ಇಂತಹ ಬರಹವು ಮುಂದೆ ಯಾವುದಾದರೂ ಕೆರೆಯು ನಿವೇಶನವಾಗಿ ಮಾರ್ಪಡುವ ಸಂದರ್ಭ ಬಂದಾಗ ಸಾಕ್ಷಿಯಾಗಿ ನಿಲ್ಲುತ್ತದೆ.

ಮನೆಯಲ್ಲಿ ನಾಮಕರಣ, ಹುಟ್ಟುಹಬ್ಬಗಳಿಗೆ ಉಡುಗೊರೆ ಕೊಡುವಾಗ ಪರದೇಶದ ಪ್ಲಾಸ್ಟಿಕ್ ಆಟಿಕೆಯ ಬದಲು ಚನ್ನಪಟ್ಟಣದ ಒಂದು ಗೊಂಬೆಯನ್ನು ಕೊಳ್ಳುವುದು ಇದರ ಇನ್ನೊಂದು ಮುಖ. ಕಸುಬು ಬಾಳುವುದು ಮಾನ್ಯತಾಪತ್ರದಿಂದಲ್ಲ, ಕೊಳ್ಳುವವರಿಂದ. ತಿರುಗಣೆಯು ನಿಂತರೆ ಮಗನು ತಂದೆಯ ವಿದ್ಯೆಯನ್ನು ಕಲಿಯುವುದಿಲ್ಲ. ಒಂದು ತಲೆಮಾರು ಕಲಿಯದೆ ಬಿಟ್ಟುದನ್ನು ಮುಂದಿನ ತಲೆಮಾರು ಪುಸ್ತಕದಿಂದ ಕಲಿಯಲಾರದು.

ಕೋಟೆಯನ್ನು ಕಾಯಲು ದಂಡು ಬೇಕಾಗಿತ್ತು, ಆ ಕಾಲವು ಮುಗಿಯಿತು. ಕೆರೆ, ಕಸುಬು, ಕಲ್ಲಿನ ಬರಹ ಇವುಗಳ ಕಾವಲಿಗೆ ದಂಡು ಬೇಡ, ತಿಳಿದ ಜನ ಬೇಕು. ವಿದ್ಯಾಲಯವೊಂದು ನೂರಾರು ಹಳ್ಳಿಗಳ ಮಕ್ಕಳನ್ನು ಒಂದೆಡೆ ಕೂಡಿಸಿ ಓದಿಸಿ ಮರಳಿ ಆ ಹಳ್ಳಿಗಳಿಗೆ ಕಳುಹಿಸುವುದರ ಸಾರ್ಥಕ್ಯವೂ ಇಂತಹ ತಿಳಿದ ಜನರನ್ನು ಒದಗಿಸುವುದರಲ್ಲಿಯೇ ಇದೆ.